ಲೆಕ್ಕಕ್ಕಿಲ್ಲದ ಸುತ್ತು

"ನನಗೆ ಬೇರೇನೂ ಬೇಡ, ಮಾರ್ಲಿಸ್. ಇದೊಂದು ಹೇಳು. ನನ್ನ ಮಗನ್ನ ನೀನು ಒಳಗೆ ಬಿಟ್ಯಲ್ಲ, ಅದು ನಿಯಮದ ಪ್ರಕಾರ ಸರೀನಾ, ತಪ್ಪಾ?"

ರೊಂಡಾ ಹಾಲ್‌ಮನ್ ಈ ಮಾತು ಕೇಳಿದ್ದು ಭಾನುವಾರ ಮಧ್ಯಾಹ್ನ, ಆಸ್ಪತ್ರೆಯ ಉದ್ದನೆಯ ಓಣಿಯಲ್ಲಿ, ಗೋಡೆಗೆ ಆನಿಸಿದ್ದ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು. ಟಾರ್ಲೋ ಊರಿನ ಕೆಫೆ ಅವಳದು. ಶುಕ್ರವಾರ ಸಂಜೆ ಕೆಫೆಯ ಬಾಗಿಲು ಎಳೆದುಕೊಂಡು ಮಗನ ಆಟ ನೋಡಲು ಬಂದವಳು ಮೈದಾನದಿಂದಲೇ ಆಂಬುಲೆನ್ಸ್ ಹತ್ತಿದ್ದಳು. ಜಾಕೆಟ್ಟಿನ ಕೆಳಗೆ ಹಿಟ್ಟಿನ ಕಲೆಯ ಏಪ್ರನ್ ಇನ್ನೂ ಹಾಗೇ ಇತ್ತು. ಬಾಗಿಲಿನಾಚೆ ಅವಳ ಮಗ ಟ್ರೇಸ್ ಮಲಗಿದ್ದ. ಕುತ್ತಿಗೆಯ ಮೂಳೆ ಮುರಿದಿತ್ತು. ಭುಜದಿಂದ ಕೆಳಗೆ ಅವನ ಮೈ ಅವನ ಮಾತು ಕೇಳುತ್ತಿರಲಿಲ್ಲ.

ಮಾರ್ಲಿಸ್ ಕೊಪೆಕಿ ಆ ಸಂಜೆಯ ಆಟದ ನಾಲ್ವರು ರೆಫರಿಗಳಲ್ಲಿ ಒಬ್ಬಳು. ನೆಬ್ರಾಸ್ಕಾದ ಆ ಭಾಗದಲ್ಲಿ ಅಮೆರಿಕನ್ ಫುಟ್‌ಬಾಲ್ ನಿಯಮದ ಪ್ರಶ್ನೆಗೆ ತಡವರಿಸದವಳು ಅವಳೊಬ್ಬಳೇ ಎಂದು ಹೆಸರಾಗಿತ್ತು. ಆದರೂ ಈಗ ಅವಳು ಮಾತನ್ನು ಮುಂದಕ್ಕೆ ಹಾಕಿದಳು.

"ನಾಳೆ ರೆಫರಿಗಳ ಸಭೆ ಇದೆ, ರೊಂಡಕ್ಕ. ದೊಡ್ಡಪ್ಪ ಇದಕ್ಕೆ ಅರ್ಥ ಹೇಳ್ತಾರೆ. ಅದಾದ್ಮೇಲೆ ಬಂದು ಹೇಳ್ತೀನಿ."

"ನಿನ್ನ ದೊಡ್ಡಪ್ಪ ಏನು ಹೇಳ್ತಾನೆ ಅಂತ ನಾನು ಕೇಳ್ಲಿಲ್ಲ ಕಣೇ."

"ಪುಸ್ತಕದಲ್ಲಿ ಎರಡು ಥರಾನೂ ಓದೋ ಹಾಗಿದೆ ಅಕ್ಕ. ನಿಜವಾಗ್ಲೂ."

"ನನ್ನ ಮಗ ಒಂದೇ ಥರ ಬಿದ್ದ," ಎಂದಳು ರೊಂಡಾ. ಆಮೇಲೆ ತನ್ನ ಕೈ ತಾನೇ ನೋಡಿಕೊಳ್ಳುತ್ತ ಕೂತಳು. "ಹೋಗು. ಗೊತ್ತಾದ್ಮೇಲೆ ಬಾ."

ಮನೆಗೆ ಮರಳುವ ದಾರಿಯುದ್ದಕ್ಕೂ ಜೋಳ ಕಟಾವಾದ ಹೊಲಗಳು. ಕಡ್ಡಿ ಕಡ್ಡಿಯಾಗಿ ಉಳಿದ ಕೂಳೆಯ ಮೇಲೆ ಗಾಳಿ ಬೀಸಿದಾಗ ಆಗುವ ಸದ್ದು, ಯಾರೋ ಪುಟ ತಿರುಗಿಸುತ್ತ ತಿರುಗಿಸುತ್ತ ಬೇಕಾದ ಪುಟ ಸಿಗದೆ ಹುಡುಕುತ್ತಲೇ ಇರುವ ಸದ್ದು. ಮಾರ್ಲಿಸ್ ಕಿಟಕಿ ಏರಿಸಿಕೊಂಡಳು. ಆದರೂ ಅದು ಕೇಳುತ್ತಲೇ ಇತ್ತು.

ಶುಕ್ರವಾರಗಳಂದು ಇದೇ ದಾರಿಯಲ್ಲಿ ನಾಲ್ವರು ಒಂದೇ ಕಾರಿನಲ್ಲಿ ಹೋಗುತ್ತಿದ್ದರು. ಸ್ಟೀರಿಂಗ್ ಹಿಡಿದವನು ಮಾರ್ಲಿಸ್‌ಳ ತಂದೆಯ ಅಣ್ಣ ಎಲ್ಡನ್. ಅವನ ಬಿಳಿ ಟೋಪಿ ಕಾರಿನ ಮುಂದಿನ ಗಾಜಿನ ಬುಡದಲ್ಲಿ ಕೂತಿರುತ್ತಿತ್ತು. ಬಿಳಿ ಟೋಪಿ ಮುಖ್ಯ ರೆಫರಿಯದು, ಉಳಿದ ಮೂವರದು ಕಪ್ಪು. ಪಕ್ಕದ ಸೀಟಿನಲ್ಲಿ ರಾಯ್ಸ್. ಬಿತ್ತನೆ ಬೀಜ ಮಾರುವವನು, ಬಾಯಿಗೆ ಬೀಗವಿಲ್ಲದವನು. ಹಿಂದೆ ಮಾರ್ಲಿಸ್, ವಾರದ ದಿನಗಳಲ್ಲಿ ಧಾನ್ಯದ ಲಾರಿಗಳ ತೂಕ ಹಿಡಿಯುವವಳು. ಅವಳ ಪಕ್ಕದಲ್ಲಿ ಶಾಲೆಯ ಬಸ್ಸು ಓಡಿಸುವ ಡೆಲ್ಬರ್ಟ್. ಅವನು ಮೈದಾನದಲ್ಲಿ ಊದುವ ಸೀಟಿಯೇ ಅವನಾಡುವ ಹೆಚ್ಚಿನ ಮಾತು.

ಕಾರು ಹೊರಟ ಕೂಡಲೇ ಎಲ್ಡನ್ ಒಗಟು ಶುರುಮಾಡುತ್ತಿದ್ದ. ಅದು ಅವರ ವಾಡಿಕೆ. ನಿಯಮದ ಒಗಟುಗಳಲ್ಲಿ ಯಾರಿಗೂ ಹೆಸರಿರುವುದಿಲ್ಲ. ಎ ತಂಡ, ಬಿ ತಂಡ, ಎ ತಂಡದ ನಲವತ್ನಾಲ್ಕು, ಬಿ ತಂಡದ ಏಳು. ಅಜ್ಜಿಯ ಕಥೆಗಳಲ್ಲಿ ಒಂದೂರು, ಒಬ್ಬ ರಾಜ ಇದ್ದ ಹಾಗೆ. ಎಲ್ಡನ್‌ಗೂ ಮಾರ್ಲಿಸ್‌ಗೂ ಈ ಚಟ ಅಂಟಿದ್ದು ಒಂದೇ ಕಡೆಯಿಂದ: ಎಲ್ಡನ್‌ನ ತಾಯಿಯಿಂದ, ಅಂದರೆ ಮಾರ್ಲಿಸ್‌ಳ ಅಜ್ಜಿಯಿಂದ. ಅವರೆಲ್ಲ ಅವಳನ್ನು ಬಾಬಿ ಎನ್ನುತ್ತಿದ್ದರು. ಬೊಹೀಮಿಯಾದಿಂದ ಬಂದ ಹಿರಿಯರ ಕಥೆಗಳನ್ನು ಬಾಬಿ ರೊಟ್ಟಿ ಹಿಟ್ಟು ನಾದುತ್ತ ಹೇಳುವಳು.

ಒಂದು ಕಥೆಯಲ್ಲಿ ಒಬ್ಬ ಹುಡುಗಿ. ಕೋಳಿ ಕೂಗುವವರೆಗೆ ಬಾಗಿಲು ತೆಗೆಯಬೇಡ, ಹೊರಗೆ ಸಾವು ಕಾಯುತ್ತಿದೆ ಎಂದು ಅವಳಿಗೆ ತಾಯಿಯ ಕಟ್ಟಪ್ಪಣೆ. ಹುಡುಗಿಗೆ ತೂಕಡಿಕೆ. ಕನಸಿನಲ್ಲಿ ಕೋಳಿ ಕೂಗಿತು. ಎದ್ದು ಬಾಗಿಲು ತೆಗೆದಳು.

"ಬಾಬಿ, ಕನಸಿನ ಕೋಳಿ ಕೂಗಿದ್ದು ಕೂಗೇ ಅಲ್ವಾ? ಅವಳಿಗೆ ಕೇಳ್ಸಿತ್ತಲ್ಲ!" ಎಂದು ಚಿಕ್ಕ ಮಾರ್ಲಿಸ್ ಜಗಳಕ್ಕೆ ನಿಲ್ಲುವಳು. ಬಾಬಿ ಹಿಟ್ಟು ಮಗುಚುತ್ತ, "ಬಾಗಿಲಲ್ಲಿ ಯಾರು ನಿಂತಿದ್ರು ಅಂತ ನೋಡು, ಉತ್ತರ ಅಲ್ಲೇ ಇದೆ," ಎನ್ನುವಳು. ಅದು ಮಾರ್ಲಿಸ್‌ಗೆ ಮೋಸದ ಉತ್ತರ ಅನ್ನಿಸುತ್ತಿತ್ತು.

ಹೋದ ತಿಂಗಳು ಇಂಥದೇ ಒಂದು ಒಗಟು ಕಾರಿನಲ್ಲಿ ಬಂದಿತ್ತು.

"ಎ ತಂಡದವನೊಬ್ಬ ನೆಲಕ್ಕೆ ಬಿದ್ದ ಅನ್ನಿ," ಎಂದಿದ್ದ ಎಲ್ಡನ್. "ಅವನಿಗೋಸ್ಕರ ಗಡಿಯಾರ ನಿಲ್ಲಿಸಿದ್ವಿ. ಪುಸ್ತಕ ಏನು ಹೇಳುತ್ತೆ?"

"ಯಾರಿಗಾಗಿ ಗಡಿಯಾರ ನಿಂತಿತೋ ಅವನು ಕಡೇಪಕ್ಷ ಒಂದು ಸುತ್ತು ಹೊರಗಿರತಕ್ಕದ್ದು," ಮಾರ್ಲಿಸ್ ಒಂದೇ ಉಸಿರಿಗೆ ಹೇಳಿದ್ದಳು.

"ಭಲೇ ಪಂಡಿತಮ್ಮ," ಎಂದ ರಾಯ್ಸ್.

"ತಾಳು. ಅವನು ಹೊರಗೆ ಹೋದ. ಒಂದು ಸುತ್ತು ಆಡಿದ್ರು. ಬಿ ತಂಡ ತಪ್ಪು ಮಾಡ್ತು, ನಾವು ಹಳದಿ ಬಟ್ಟೆ ಎಸೆದ್ವಿ, ಬಿಗೆ ಶಿಕ್ಷೆ ಆಗ್ಲಿ ಅಂತ ಎ ತಂಡ ಒಪ್ಕೊಂಡಿತು. ಆ ಸುತ್ತು ಅಳಿಸಿಹೋಯ್ತು, ಮತ್ತೆ ಆಡ್ಬೇಕು. ಈಗ ಹೊರಗಿರೋನು ಒಂದು ಸುತ್ತು ಕೂತ ಹಾಗಾಯ್ತಾ, ಇಲ್ವಾ?"

"ಕೂತ ಹಾಗಾಯ್ತು. ಚೆಂಡು ಹಿಂದಕ್ಕೆ ಹೋದಲ್ಲಿಂದ ಸೀಟಿ ಊದೋವರೆಗೆ ಒಂದು ಸುತ್ತು ಅಂತ ಎರಡನೇ ಅಧ್ಯಾಯದಲ್ಲಿದೆ. ಚೆಂಡು ಹೋಯ್ತು, ಸೀಟಿ ಊದಿದ್ರು."

"ಶಿಕ್ಷೆ ಒಪ್ಪಿದ ಸುತ್ತನ್ನ ನಡೆದೇ ಇಲ್ಲ ಅನ್ನೋ ಹಾಗೆ ಮತ್ತೆ ಆಡತಕ್ಕದ್ದು ಅಂತ ಐದನೇ ಅಧ್ಯಾಯದಲ್ಲಿದೆ. ನಡೆದೇ ಇಲ್ಲದ ಸುತ್ತು ಅವನು ಹ್ಯಾಗೆ ಕೂತ?"

ಕಾರಿನೊಳಗೆ ನಗು. ರಾಯ್ಸ್ ಹಣೆ ಚಚ್ಚಿಕೊಂಡ. "ಇದನ್ನ ಬರೆದೋನ್ನ ಕರ್ಕೊಂಬಂದು ಈ ಹುಡುಗನ ಪಕ್ಕ ಬೆಂಚಿನ ಮೇಲೆ ಕೂರಿಸ್ಬೇಕು!" ಎಂದ. ಮುಂದಿನ ಸಭೆಯಲ್ಲಿ ಕೇಳಿದರಾಯಿತು ಎಂದುಕೊಂಡರು. ಅಷ್ಟರಲ್ಲಿ ಊರು ಬಂತು, ಆಟ ನಡೆಯಿತು. ಆಟ ಮುಗಿದ ಮೇಲೆ ರೊಂಡಾಳ ಕೆಫೆಯಲ್ಲಿ ದ್ರಾಕ್ಷಿ ಪೈ ತಿಂದು ಮನೆಗೆ ಹೋದರು. ಮುಂದಿನ ಸಭೆಯಲ್ಲಿ ಬೇರೆ ಹತ್ತು ಮಾತು ಬಂದವು. ಒಗಟು ಕಾರಿನಲ್ಲೇ ಉಳಿಯಿತು.

ಆಮೇಲೆ ಟಾರ್ಲೋದಲ್ಲಿ ಆ ಶುಕ್ರವಾರ ಬಂತು.

ಟಾರ್ಲೋ ಶಾಲೆಯಲ್ಲಿ ಹನ್ನೊಂದು ಹುಡುಗರ ತಂಡ ಕಟ್ಟುವಷ್ಟು ಮಕ್ಕಳಿಲ್ಲ. ಅಲ್ಲಿನವರು ಆಡುವುದು ಎಂಟೆಂಟು ಜನರ ಆಟ. ಆ ಸಂಜೆ ಓಡುವ ಸ್ಥಿತಿಯಲ್ಲಿದ್ದವರು ಎಣಿಸಿ ಎಂಟೇ ಜನ. ಆಟದ ಮೂರನೇ ಕಾಲುಭಾಗದಲ್ಲಿ ಟ್ರೇಸ್ ಹಾಲ್‌ಮನ್ ಮೀನಖಂಡ ಹಿಡಿದುಕೊಂಡು ಕೂತುಬಿಟ್ಟ. ಸ್ನಾಯು ಸೆಳೆತ, ಮತ್ತೇನಲ್ಲ. ಆದರೂ ಅವನಿಗಾಗಿ ಗಡಿಯಾರ ನಿಂತಿತು, ಅವನು ಕುಂಟುತ್ತ ಹೊರಗೆ ಬಂದ. ಟಾರ್ಲೋ ಏಳು ಜನರಲ್ಲಿ ಆಡಿತು. ಚೆಂಡು ಹಿಂದಕ್ಕೆ ಹೋಯಿತು. ಓಡಿದ ಹುಡುಗನನ್ನು ಅಲ್ಲೇ ಕೆಡವಿದರು. ಆದರೆ ಎದುರು ತಂಡದವನೊಬ್ಬ ಅಂಗಿ ಹಿಡಿದು ಜಗ್ಗಿದ್ದಕ್ಕೆ ಹಳದಿ ಬಟ್ಟೆ ಬಿತ್ತು. ಟಾರ್ಲೋ ಶಿಕ್ಷೆ ಒಪ್ಪಿಕೊಂಡಿತು.

ಮಾರ್ಲಿಸ್‌ಳ ಜಾಗ ಟಾರ್ಲೋ ತಂಡದ ಬದಿಯ ಗೆರೆ. ಯಾರು ಒಳಗೆ, ಯಾರು ಹೊರಗೆ ಎಂದು ನೋಡುವುದು ಅವಳ ಕೆಲಸ. ಸುತ್ತಿನ ಅಂಕಿ ತೋರಿಸುವ ಕೋಲು-ಹಲಗೆ ಹಿಡಿದ ಮುದುಕ ಮರ್ಲ್ ಅವಳ ಪಕ್ಕದಲ್ಲೇ ಇದ್ದ. ಊರಿನ ನಿವೃತ್ತ ಕ್ಷೌರಿಕ. ಅವನು ಅಂಕಿಯನ್ನು ಎರಡರಿಂದ ಮೂರಕ್ಕೆ ತಿರುಗಿಸಲು ಹೋದ.

"ಎರಡೇ ಇರ್ಲಿ ಮರ್ಲ್, ತಿರುಗಿಸ್ಬೇಡಿ," ಎಂದಳು ಮಾರ್ಲಿಸ್. "ಈ ಸುತ್ತು ಲೆಕ್ಕಕ್ಕಿಲ್ಲ."

ಆ ಮಾತು ಬಾಯಿಂದ ಬಿದ್ದು ಇನ್ನೂ ಆರಿರಲಿಲ್ಲ, ಬೆನ್ನ ಹಿಂದೆ ಕೋಚ್ ಡಾರಿಲ್.

"ಏನಮ್ಮಾ, ನನ್ನ ಹುಡುಗ ಒಂದು ಸುತ್ತು ಕೂತಾಯ್ತಲ್ಲ! ಏಳು ಜನರಲ್ಲಿ ಎಷ್ಟೂಂತ ಆಡ್ಲಿ?"

ಎಲ್ಡನ್ ಮೈದಾನದ ಆ ಮಗ್ಗುಲಲ್ಲಿ ಶಿಕ್ಷೆಯ ಅಳತೆ ಹಾಕುತ್ತಿದ್ದ. ಟ್ರೇಸ್ ಅವಳೆದುರು ಒಂಟಿ ಕಾಲಲ್ಲಿ ಕುಪ್ಪಳಿಸಿ ತೋರಿಸಿದ. "ನೋಡಿ ಮಾರ್ಲಿಸಕ್ಕ, ಸರಿಹೋಯ್ತು. ಬಿಡಿ ಅಕ್ಕ. ಅಮ್ಮ ಅಲ್ಲೇ ಕೂತವಳೆ, ನಾನು ಬೆಂಚ್ ಕಾಯೋದು ನೋಡೋಕೆ ಅಂಗಡಿ ಮುಚ್ಚಿ ಬಂದ್ಲಾ?"

ಎರಡನೇ ಅಧ್ಯಾಯ. ಚೆಂಡು ಹೊರಟಲ್ಲಿಂದ ಸೀಟಿಯವರೆಗೆ. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹಾಗೆ ಥಟ್ಟನೆ ಬರುವ ಉತ್ತರದ ಮೇಲೆ ಅವಳಿಗೆ ಎಂದಿನಿಂದಲೂ ಪ್ರೀತಿ.

"ಸರಿ, ಓಡು," ಎಂದಳು.

ಅವನು ಓಡಿದ. ಮತ್ತೆ ಆಡಿದ ಅದೇ ಎರಡನೇ ಸುತ್ತಿನಲ್ಲಿ ಅವನು ತಲೆ ತಗ್ಗಿಸಿ ನುಗ್ಗಿದ. ಎದುರಿಂದ ಬಂದ ಹುಡುಗನದೂ ತಪ್ಪೇನಿರಲಿಲ್ಲ. ದೊಡ್ಡ ಸದ್ದೂ ಆಗಲಿಲ್ಲ. ಎಲ್ಲರೂ ಎದ್ದರು, ಅವನೊಬ್ಬ ಏಳಲಿಲ್ಲ. "ಹೆಲ್ಮೆಟ್ ಮುಟ್ಬೇಡಿ, ಯಾರೂ ಮುಟ್ಬೇಡಿ," ಎಂದು ಎಲ್ಡನ್ ಕೂಗುತ್ತ ಓಡಿಬಂದಾಗ ಮೇಲಿನ ದೀಪಗಳಿಗೆ ಮುತ್ತಿದ ಹುಳಗಳನ್ನು ನೋಡುತ್ತ ಟ್ರೇಸ್, "ನನ್ನ ಕೈ ಎಲ್ಲಿದೆ?" ಎಂದು ಕೇಳಿದ.

ಅಷ್ಟೇ ನಡೆದದ್ದು. ಇನ್ನೊಂದು ಸುತ್ತು ಹೊರಗಿದ್ದಿದ್ದರೆ ಅವನು ಆ ನುಗ್ಗಾಟದಲ್ಲಿ ಇರುತ್ತಲೇ ಇರಲಿಲ್ಲ.

ಸೋಮವಾರದ ಸಭೆ ಸೇರಿದ್ದು ಎಂದಿನಂತೆ ಅಗ್ನಿಶಾಮಕ ಠಾಣೆಯ ನೆಲಮಾಳಿಗೆಯಲ್ಲಿ. ಸುತ್ತಲಿನ ಊರುಗಳ ರೆಫರಿ ತಂಡಗಳೆಲ್ಲ ಬಂದಿದ್ದವು. ಒಂದು ಮೂಲೆಯಲ್ಲಿ ದೊಡ್ಡ ಪಾತ್ರೆ ತುಂಬ ಚಿಲ್ಲಿ ಎನ್ನುವ ಮಾಂಸದ ಖಾರ ಸಾರು ಕುದಿಯುತ್ತಿತ್ತು. ಪಕ್ಕದಲ್ಲಿ ಅದರ ಜೊತೆ ತಿನ್ನಲು ದಾಲ್ಚಿನ್ನಿ ಸುರುಳಿ ರೊಟ್ಟಿ. ಅವತ್ತು ಯಾರೂ ತಟ್ಟೆ ಎತ್ತಿಕೊಂಡಿರಲಿಲ್ಲ. ಮಾರ್ಲಿಸ್ ಒಳಗೆ ಬಂದಾಗ ಮಾತು ನಿಂತಿತು, ಆಮೇಲೆ ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ಮಾತಾಡಿದರು. ರಾಯ್ಸ್ ತನ್ನ ಪಕ್ಕದ ಕುರ್ಚಿಯನ್ನು ಕಾಲಿನಿಂದಲೇ ಎಳೆದುಕೊಟ್ಟ.

"ಕೂತ್ಕೊ ಪಂಡಿತಮ್ಮ. ಬಾಯಿ ಮಾತ್ರ ತೆಗೀಬೇಡ. ನಿನ್ನ ದೊಡ್ಡಪ್ಪ ನೋಡ್ಕೊಳ್ತಾನೆ."

ಆ ಸಭೆಯ ಕ್ರಮವೇ ಹಾಗೆ. ಯಾರಿಗೆ ಸಂಬಂಧಿಸಿದ ಮಾತೋ ಅವರು ಬಾಯಿ ಬಿಡುವಂತಿಲ್ಲ. ಅವರ ಹೆಸರನ್ನೂ ಯಾರೂ ಎತ್ತುವಂತಿಲ್ಲ. ನಡೆದದ್ದನ್ನು ಎ ತಂಡ, ಬಿ ತಂಡದ ಕಥೆಯಾಗಿ ಹೇಳಬೇಕು. ಆ ಭಾಗಕ್ಕೆ ನಿಯಮದ ಅರ್ಥ ಹೇಳುವ ಹಿರಿತನ ಎಲ್ಡನ್‌ನದು. ಅವನು ಹೇಳಿದ ಅರ್ಥ ಮುಂದಿನ ಶುಕ್ರವಾರದಿಂದ ಎಲ್ಲ ಮೈದಾನಗಳಿಗೂ ಅನ್ವಯ. ರಾಜ್ಯದ ಕಚೇರಿಯಿಂದಲೂ ಫೋನ್ ಬಂದಿತ್ತು: ಹೊಸ ಪುಸ್ತಕ ಬರುವವರೆಗೆ ನಿಮ್ಮ ಭಾಗದಲ್ಲಿ ನೀವೇ ತೀರ್ಮಾನಿಸಿಕೊಳ್ಳಿ, ಏನೆಂದು ನಮಗೂ ತಿಳಿಸಿ.

ಎಲ್ಡನ್ ಎದ್ದು ನಿಂತ. ಮೂರೇ ದಿನದಲ್ಲಿ ಅವನ ಕೊರಳು ಅಂಗಿಯ ಕಾಲರಿಗೆ ಸಡಿಲವಾದಂತಿತ್ತು.

"ಎ ತಂಡದ ನಲವತ್ನಾಲ್ಕಕ್ಕೆ ಕಾಲು ಸೆಳೀತು," ಎಂದು ಶುರುಮಾಡಿದ. ಮಾರ್ಲಿಸ್‌ಗೆ ಆ ಸಂಖ್ಯೆ ಟ್ರೇಸ್‌ನ ಬೆನ್ನ ಮೇಲೆ ಕಂಡಿತು, ಓಡುತ್ತ ಓಡುತ್ತ ಸಣ್ಣದಾಗುವ ಹಾಗೆ. ಕಥೆ ಮುಗಿಸಿ ಎಲ್ಡನ್ ನಿಧಾನವಾಗಿ ಹೇಳಿದ: "ನನ್ನ ಅರ್ಥ ಇದು. ಸುತ್ತು ಅಂದ್ರೆ ಚೆಂಡು ಹೊರಟಲ್ಲಿಂದ ಸೀಟಿವರೆಗೆ. ಶಿಕ್ಷೆ ಅಂಕ ಅಳಿಸುತ್ತೆ, ದೂರ ಅಳಿಸುತ್ತೆ. ಹುಡುಗರು ಓಡಿದ್ದನ್ನ, ಬಿದ್ದದ್ದನ್ನ ಅಳಿಸಲ್ಲ. ನಲವತ್ನಾಲ್ಕು ಒಂದು ಸುತ್ತು ಹೊರಗಿದ್ದ. ಅವನನ್ನ ಒಳಗೆ ಬಿಟ್ಟಿದ್ದು ಸರಿ."

ಕೋಣೆಯೆಲ್ಲ ಒಟ್ಟಿಗೆ ಉಸಿರು ಬಿಟ್ಟಿತು. ಯಾರೋ "ಸರಿಯೇ," ಎಂದರು. ಇನ್ಯಾರೋ "ನಾನಾಗಿದ್ರೂ ಬಿಡ್ತಿದ್ದೆ," ಎಂದರು. ಡೆಲ್ಬರ್ಟ್ ಮೆಲ್ಲಗೆ ಮಾರ್ಲಿಸ್‌ಳ ಬೆನ್ನ ಮೇಲೆ ಕೈ ಇಟ್ಟು ತೆಗೆದ.

ಮಾರ್ಲಿಸ್‌ಗೂ ಹಗುರವಾಗಬೇಕಿತ್ತು. ಸರಿ ಇತ್ತು ಅಕ್ಕ, ನಿಯಮದ ಪ್ರಕಾರ ಸರಿಯೇ ಇತ್ತು. ನಾಳೆ ಆಸ್ಪತ್ರೆಯ ಓಣಿಯಲ್ಲಿ ನಿಂತು ಆಡಬೇಕಾದ ಮಾತು ಬಾಯಲ್ಲಿ ಸಿದ್ಧವಾಗಿ ಕೂತಿತ್ತು. ಆದರೆ ಅದರ ಬೆನ್ನಿಗೇ ಬೇರೊಂದು ಮಾತು ಎದ್ದು ಬಂತು. ತನ್ನದೇ ದನಿ. ಎರಡೇ ಇರ್ಲಿ ಮರ್ಲ್. ಈ ಸುತ್ತು ಲೆಕ್ಕಕ್ಕಿಲ್ಲ.

ಅವಳು ಎದ್ದು ನಿಂತಳು.

"ಏಯ್, ಕೂತ್ಕೊ," ಎಂದು ರಾಯ್ಸ್ ತೋಳು ಎಳೆದ.

"ಗೆರೆಯ ಮೇಲೆ ನಿಂತಿದ್ದವಳು ಹಲಗೆಯವನಿಗೆ ಏನು ಹೇಳಿದ್ಲು ಅಂತ ಯಾರೂ ಕೇಳ್ಲಿಲ್ಲ," ಎಂದಳು ಮಾರ್ಲಿಸ್. "ಅಂಕಿ ತಿರುಗಿಸ್ಬೇಡಿ, ಈ ಸುತ್ತು ಲೆಕ್ಕಕ್ಕಿಲ್ಲ ಅಂದ್ಲು. ಆಮೇಲೆ ಅದೇ ಬಾಯಲ್ಲಿ ಹುಡುಗನಿಗೆ, ನಿನ್ನ ಸುತ್ತು ಆಯ್ತು, ಓಡು ಅಂದ್ಲು. ಪುಸ್ತಕ ಎರಡು ಥರ ಓದೋ ಹಾಗಿರಬಹುದು. ಅವಳು ಎರಡನ್ನೂ ಒಟ್ಟಿಗೆ ಓದಿದ್ಲು. ಒಂದು ಹಲಗೆಗೆ, ಇನ್ನೊಂದು ಹುಡುಗನಿಗೆ."

ಚಿಲ್ಲಿ ಪಾತ್ರೆಯ ಮುಚ್ಚಳ ಟಕಟಕ ಕುಣಿಯುತ್ತಿತ್ತು.

"ಮೊದಲು ಊಟ ಮಾಡಿ ಎಲ್ಲರೂ," ಎಂದ ಎಲ್ಡನ್. ಮಾರ್ಲಿಸ್‌ಳ ಕಡೆ ನೋಡದೆ ಮೆಟ್ಟಿಲ ಕಡೆ ನಡೆದ. ಅವಳು ಹಿಂದೆಯೇ ಹೋದಳು.

ಮೇಲೆ ಕೆಂಪು ಅಗ್ನಿಶಾಮಕ ಗಾಡಿ ಕತ್ತಲಲ್ಲಿ ದನದ ಹಾಗೆ ನಿಂತಿತ್ತು. ಎಲ್ಡನ್ ಅದರ ಮೆಟ್ಟಿಲ ಮೇಲೆ ಕೂತ.

"ನಿನಗೆ ತಲೆ ಕೆಟ್ಟಿದೆಯಾ ಪುಟ್ಟಿ? ಎರಡು ಅರ್ಥವೂ ಹೊಂದುತ್ತೆ. ಎರಡೂ ಹೊಂದುವಾಗ ನಮ್ಮ ಮಗುವನ್ನ ಉಳಿಸೋ ಅರ್ಥ ಆರಿಸ್ಕೊಂಡ್ರೆ ನನ್ನದೇನು ತಪ್ಪು?"

"ದೊಡ್ಡಪ್ಪ, ನಿಮಗೆ ಯಾವುದು ಸರಿ ಅನ್ಸುತ್ತೆ? ನನ್ನ ವಿಷಯ ಬಿಡಿ. ಎ, ಬಿ ಅಂತಾನೇ ಅನ್ಕೊಳ್ಳಿ."

ಎಲ್ಡನ್ ತಲೆಯ ಟೋಪಿ ತೆಗೆದ.

"ಇನ್ನೊಂದರ್ಥ ಹೇಳಿದ್ರೆ ಏನಾಗುತ್ತೆ ಗೊತ್ತಾ? ಈ ಸೀಸನ್ ಮುಗಿಯೋ ಹೊತ್ತಿಗೆ ನಿನ್ನ ರೆಫರಿ ಪಟ್ಟೆ ಅಂಗಿ ಕಿತ್ಕೊಳ್ತಾರೆ. ಅದು ಹೋಗ್ಲಿ. ದಿನಾ ಧಾನ್ಯದ ಲಾರಿ ತೂಕಕ್ಕೆ ತರ್ತಾರಲ್ಲ ನಿನ್ನ ಹತ್ರ, ಅವರ ಕಣ್ಣು ನೀನು ಎದುರಿಸ್ಬೇಕು. ಆ ಹೆಂಗಸಿಗೆ ಹೋಗಿ ಹೇಳ್ಬೇಕು. ಅವಳಿಗೂ ಸರಿ ಇತ್ತು ಅಂತಾನೇ ಕೇಳಿಸ್ಕೋಬೇಕಾಗಿರೋದು. ತಾಯಿ ಕಣೇ ಅವಳು."

"ಅವಳು ಕೇಳಿದ್ದು ಸರಿನಾ ತಪ್ಪಾ ಅಂತ."

ಎಲ್ಡನ್ ಬಿಳಿ ಟೋಪಿಯನ್ನು ಮೊಣಕಾಲ ಮೇಲಿಟ್ಟು ಅದರ ಅಂಚು ತೀಡುತ್ತಿದ್ದ. ಅವನು ಕೇಳಿದ್ದು ಬೇರೆಯೇ ಮಾತು.

"ಆ ಕೋಳಿ ಕಥೆ ನೆನಪಿದೆಯಾ ನಿನಗೆ?"

"ನೆನಪಿದೆ."

"ನಾನು ಚಿಕ್ಕೋನಿದ್ದಾಗ ಅಮ್ಮನ್ನ ಅದೇ ಕೇಳಿದ್ದೆ. ಕನಸಿನ ಕೋಳಿ ಕೂಗಿದ್ದು ಕೂಗೇನಾ ಅಂತ. ಬಾಗಿಲಲ್ಲಿ ಯಾರು ನಿಂತಿದ್ರು ನೋಡು ಅಂದ್ಲು." ಅವನು ಮೇಲೆದ್ದ. ಮಂಡಿಗಳು ಸದ್ದು ಮಾಡಿದವು. "ಎಂಥಾ ಮೊಂಡು ಹೆಂಗಸು. ಸಾಯೋವರೆಗೂ ಬಿಡಿಸಿ ಹೇಳ್ಲಿಲ್ಲ."

ಕೆಳಗೆ ಹೋಗಿ ಅವನು ಮತ್ತೆ ನಿಂತ. ಈ ಸಲ ಕಥೆ ಹೇಳಲಿಲ್ಲ. ಒಂದೇ ವಾಕ್ಯ ಹೇಳಿದ: ಮತ್ತೆ ಆಡಬೇಕಾದ ಸುತ್ತನ್ನು ಹೊರಗೆ ಕೂತವನ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಮತ್ತೆ ಆಡಿ ಮುಗಿಯುವವರೆಗೆ ಅವನು ಗೆರೆ ದಾಟತಕ್ಕದ್ದಲ್ಲ. ಆಮೇಲೆ, "ಆ ಸಂಜೆ ಬಿಳಿ ಟೋಪಿ ಹಾಕಿದ್ದವನು ನಾನು, ಅದನ್ನೂ ಸೇರಿಸಿ ಬರ್ಕೊಳ್ಳಿ," ಎಂದ. ಯಾರೂ ಬರೆದುಕೊಳ್ಳಲಿಲ್ಲ. ರಾಯ್ಸ್ ಮುಖ ಅತ್ತ ತಿರುಗಿಸಿ ಒಂದು ಸುರುಳಿ ರೊಟ್ಟಿಯನ್ನು ಚೂರು ಚೂರು ಮಾಡುತ್ತಿದ್ದ. ತಿನ್ನುತ್ತಿರಲಿಲ್ಲ.

ಮಂಗಳವಾರ ಓಣಿಯಲ್ಲಿ ಅದೇ ಕುರ್ಚಿ. ರೊಂಡಾ ಏಪ್ರನ್ ಬಿಚ್ಚಿ ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಮಾರ್ಲಿಸ್ ಕೂರಲಿಲ್ಲ.

"ತಪ್ಪು, ರೊಂಡಕ್ಕ. ನಾನು ಅವನನ್ನ ಬಿಡಬಾರದಿತ್ತು."

ರೊಂಡಾ ತಲೆಯಾಡಿಸಿದಳು, ಅಂಗಡಿಯಲ್ಲಿ ಗಿರಾಕಿ ಹೇಳಿದ್ದನ್ನು ಮನಸ್ಸಿನಲ್ಲಿ ಗುರುತು ಹಾಕಿಕೊಳ್ಳುವವಳ ಹಾಗೆ.

"ಅಂದ್ರೆ ಅವನು ಬೆಂಚಿನ ಮೇಲೆ ಇರ್ಬೇಕಿತ್ತು."

"ಹೌದು."

"ಎಷ್ಟು ಹೊತ್ತು?"

"ಇನ್ನೊಂದೇ ಸುತ್ತು. ಒಂದು ನಿಮಿಷವೂ ಇಲ್ಲ."

"ಒಂದು ನಿಮಿಷವೂ ಇಲ್ಲ," ರೊಂಡಾ ಮೆಲ್ಲಗೆ ಹೇಳಿಕೊಂಡಳು. "ಕೂತಲ್ಲೇ ನಿನಗೆ ಬೈತಿದ್ದ. ಮನೆಗೆ ಬಂದ್ಮೇಲೂ ಬೈತಿದ್ದ. ಎಲ್ಡನ್ ಕೊಪೆಕಿಯ ತಮ್ಮನ ಮಗಳು ಬಿಡ್ಲೇ ಇಲ್ಲ ಅಮ್ಮಾ ಅಂತ. ನಾನೂ ನಿನಗೆ ಪೈ ಕೊಡುವಾಗ ಮುಖ ಊದಿಸ್ಕೊಂಡು ಕೊಡ್ತಿದ್ದೆ."

ಮಾರ್ಲಿಸ್ ಏನೋ ಹೇಳಲು ಬಾಯಿ ತೆರೆದಳು. ರೊಂಡಾ ಕೈ ಎತ್ತಿ ತಡೆದಳು.

"ನಿನ್ನೆ ಪಾದ್ರಿ ಬಂದಿದ್ರು. ಎಲ್ಲಾ ನಿಯಮದ ಪ್ರಕಾರವೇ ನಡೆದಿದೆ, ದೇವರ ಮನಸ್ಸಿನಲ್ಲಿ ಏನಿದೆಯೋ ಅಂದ್ರು. ರಾತ್ರಿ ಒಂದಿಷ್ಟು ನಿದ್ದೆ ಬಂತು ನನಗೆ." ಅವಳು ಏಪ್ರನ್ನಿನ ಮಡಿಕೆ ಬಿಚ್ಚಿ ಮತ್ತೆ ಮಡಿಸಿದಳು. "ಕೇಳಿದವಳು ನಾನೇ. ನೀನು ಸುಳ್ಳು ಹೇಳ್ಲಿಲ್ಲ. ಒಳ್ಳೇದೇ ಆಯ್ತು. ಆದ್ರೆ ಇನ್ನು ಬರ್ಬೇಡ ಮಾರ್ಲಿಸ್. ನಿನ್ನ ಮುಖ ನೋಡಿದ್ರೆ ನನಗೆ ಆ ಒಂದು ನಿಮಿಷ ಕಾಣ್ಸುತ್ತೆ."

ಬಾಗಿಲಿನಾಚೆಯಿಂದ ಟ್ರೇಸ್ "ಅಮ್ಮಾ, ಯಾರದು?" ಎಂದ.

"ಯಾರೂ ಇಲ್ಲ ಕಂದ. ದಾರಿ ಕೇಳ್ತಿದ್ರು," ಎಂದು ರೊಂಡಾ ಎದ್ದು ಒಳಗೆ ಹೋದಳು.

ಆ ವಾರ ತೂಕದ ಮನೆಗೆ ಲಾರಿಗಳು ಬಂದವು, ಹೋದವು. ಹಿಂದೆಲ್ಲ ಕಿಟಕಿಗೆ ಮೊಣಕೈ ಊರಿ ಹರಟುತ್ತಿದ್ದವರು ಚೀಟಿಗೆ ಕೈ ಮಾತ್ರ ಚಾಚಿದರು. ರಾಜ್ಯದ ಕಚೇರಿಯಿಂದಲೂ ಸುದ್ದಿ ಬಂತು: ಉಳಿದಿರುವ ಆಟ ಮುಗಿಸು, ಮುಂದಿನ ವರ್ಷಕ್ಕೆ ನಿನ್ನ ಹೆಸರಿಲ್ಲ. ಉಳಿದಿದ್ದದ್ದು ಒಂದೇ ಆಟ. ಬದಲಿಗೆ ಯಾರೂ ಸಿಗಲಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಟ್ಟಿದ್ದರು.

ಶುಕ್ರವಾರ ಕಾರಿನಲ್ಲಿ ಒಗಟು ಇರಲಿಲ್ಲ. ಟಾರ್ಲೋ ದಾಟುವಾಗ ಕೆಫೆಯ ಕಿಟಕಿ ಕಪ್ಪಗಿತ್ತು. ರಾಯ್ಸ್ ಆ ಕಡೆ ನೋಡದೆ ರೇಡಿಯೋ ಹಾಕಿದ. ಎಲ್ಡನ್ ಆರಿಸಿದ.

ಆಟ ಬಿಕ್‌ನೆಲ್‌ನಲ್ಲಿ. ಇಬ್ಬನಿಗೆ ಹುಲ್ಲು ಜಾರುತ್ತಿತ್ತು. ಕೊನೆಯ ಕಾಲುಭಾಗದಲ್ಲಿ ಬಿಕ್‌ನೆಲ್‌ನ ಒಬ್ಬ ಹುಡುಗನ ಬೆರಳು ತಿರುಚಿತು, ಗಡಿಯಾರ ನಿಂತಿತು. ಅವನು ಬೆರಳಿಗೆ ಪಟ್ಟಿ ಸುತ್ತಿಸಿಕೊಂಡು ಮಾರ್ಲಿಸ್‌ಳ ಪಕ್ಕ ಬಂದು ನಿಂತ. ಸುತ್ತು ನಡೆಯಿತು. ಮತ್ತು, ಬೇಕೆಂದೇ ಯಾರೋ ಇಟ್ಟ ಹಾಗೆ, ಹಳದಿ ಬಟ್ಟೆ ಬಿತ್ತು. ಶಿಕ್ಷೆ ಒಪ್ಪಿದರು. ಹಲಗೆಯ ಮೇಲಿನ ಮೂರು ಮೂರೇ ಉಳಿಯಿತು.

"ನಾನು ಹೋಗ್ಲಾ?" ಎಂದ ಹುಡುಗ.

"ಇಲ್ಲ."

"ಒಂದು ಸುತ್ತು ಆಯ್ತಲ್ಲ ಅಕ್ಕ! ಬರೀ ಬೆರಳು ಇದು, ನೋಡಿ."

"ಆಗ್ಲಿಲ್ಲ. ಮತ್ತೆ ಆಡೋವರೆಗೆ ಇಲ್ಲೇ ಇರು." ಅವಳು ಎಡಗೈಯನ್ನು ಅವನ ಎದೆಗೆ ಅಡ್ಡ ಚಾಚಿದಳು, ದೊಡ್ಡಿಗೆ ಅಡ್ಡ ಹಾಕಿದ ಗಳುವಿನ ಹಾಗೆ.

ಕೋಚ್ ಓಡಿಬಂದ. ಅವನ ಮುಖ ದೀಪದ ಬೆಳಕಲ್ಲಿ ಸುಟ್ಟ ಇಟ್ಟಿಗೆಯ ಬಣ್ಣ. "ಗೆಲ್ಲೋ ಆಟ ಹಾಳು ಮಾಡ್ತಿದೀಯ! ಹೋದ ವಾರ ಟಾರ್ಲೋದಲ್ಲಿ ಬಿಟ್ಯಲ್ಲ, ಇಲ್ಲಿ ಯಾಕೆ ಬಿಡಲ್ಲ?"

ಹಿಂದಿನ ಮೆಟ್ಟಿಲುಗಳಲ್ಲಿ ಕೂತ ಜನಕ್ಕೂ ಅದು ಕೇಳಿತು. ಗದ್ದಲ ಒಮ್ಮೆಲೇ ತಣ್ಣಗಾಯಿತು. ತಾನು ಆಡಿದ ಮಾತು ಕೋಚ್‌ನ ಕಿವಿಗೂ ಬಿದ್ದಿರಬೇಕು, ಅವನು ಬಾಯಿ ಮುಚ್ಚಿಕೊಂಡ. ಆದರೆ ಹೋಗಲಿಲ್ಲ.

ಮಾರ್ಲಿಸ್ ತಿರುಗಿ ನೋಡಲಿಲ್ಲ. ಕೈ ತೆಗೆಯಲೂ ಇಲ್ಲ. ಅಂಗೈಗೆ ಹುಡುಗನ ಎದೆಬಡಿತ ತಾಗುತ್ತಿತ್ತು.

ಚೆಂಡು ಹಿಂದಕ್ಕೆ ಹೋಯಿತು. ಬಿಕ್‌ನೆಲ್‌ನ ಒಬ್ಬ ನಾಲ್ಕು ಹೆಜ್ಜೆ ಓಡಿ ಜಾರಿ ಬಿದ್ದ. ಅವನ ಮೇಲೆ ಇಬ್ಬರು ಬಿದ್ದರು. ಸೀಟಿ. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು, ಮಂಡಿಯ ಕೆಸರು ಒರೆಸಿಕೊಂಡರು, ಒಬ್ಬ ನಗುತ್ತಲೂ ಇದ್ದ. ಏನೂ ಆಗಿರಲಿಲ್ಲ. ಆ ಹುಡುಗನಿದ್ದಿದ್ದರೂ ಏನೂ ಆಗುತ್ತಿರಲಿಲ್ಲವೇನೋ. ಹಲಗೆ ಹಿಡಿದವನು ಅಂಕಿಯನ್ನು ನಾಲ್ಕಕ್ಕೆ ತಿರುಗಿಸಿದ.

"ಈಗ ಹೋಗು," ಎಂದಳು ಮಾರ್ಲಿಸ್.

ಹುಡುಗ ಅವಳ ಕೈಯನ್ನು ತಳ್ಳಿ ಓಡಿದ. ಅವನ ಬೆನ್ನ ಮೇಲಿನ ಸಂಖ್ಯೆಯನ್ನು ಅವಳು ಓದಲಿಲ್ಲ. ಮೈದಾನದ ನಡುವಿನಿಂದ ಬಿಳಿ ಟೋಪಿ ಅವಳ ಕಡೆ ನೋಡಿತು, ಇನ್ನೊಂದು ಸುತ್ತಿಗೆ ಸಿದ್ಧಳೇ ಎಂದು. ಸಿದ್ಧ ಎನ್ನಲು ಕೈ ಎತ್ತಬೇಕು. ಆದರೆ ಎಡಗೈ ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು, ಅಲ್ಲಿ ಯಾರೂ ಇಲ್ಲದ ಕಡೆ, ಯಾರನ್ನೋ ತಡೆಯುತ್ತ.